ಕಲಬುರಗಿ ಧೂಳಿನಲ್ಲಿ ಓಡುವ ಕಾರಿಗೆ ಆಯಿಲ್ ಫಿಲ್ಟರ್ ಬದಲಿಸುವುದು ಹೇಗೆ: ಬೋಲ್ಟ್ ಬಿಚ್ಚುವುದರಿಂದ ಹಳೇ ಎಣ್ಣೆ ಸಾಗಿಸುವವರೆಗೆ

ಕಾರಿನ ಜೊತೆ ಬರುವ ಮ್ಯಾನ್ಯುವಲ್‌ನಲ್ಲಿ ಸಾಮಾನ್ಯವಾಗಿ ಎರಡು ಸರ್ವಿಸ್ ಪಟ್ಟಿ ಇರುತ್ತವೆ. ಮೊದಲನೆಯದು ಎಲ್ಲರಿಗೂ ಬಾಯಿಪಾಠ: 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಎರಡನೆಯದನ್ನು ತೆರೆದು ನೋಡಿದವರು ಕಡಿಮೆ. ಧೂಳಿನ ರಸ್ತೆ, ವಿಪರೀತ ಬಿಸಿಲು, ಪದೇ ಪದೇ ಸಣ್ಣ ದೂರದ ಓಡಾಟ, ಇಂಜಿನ್ ಬಂದ್ ಮಾಡದೆ ಜಾಸ್ತಿ ಹೊತ್ತು ನಿಲ್ಲಿಸುವುದು, ಇಂಥ ಕಠಿಣ ಬಳಕೆಯ ಗಾಡಿಗಳಿಗೆ ಅಂತಲೇ ಮಾಡಿದ ಪಟ್ಟಿ ಅದು. ಅದರಲ್ಲಿ ಎಷ್ಟೋ ಕಾರುಗಳಿಗೆ ಆಯಿಲ್ ಮತ್ತು ಫಿಲ್ಟರಿನ ಅವಧಿ 5,000 ಕಿ.ಮೀ. ಆಸುಪಾಸಿಗೆ ಇಳಿದಿರುತ್ತದೆ.

ಕಲಬುರಗಿಯಲ್ಲಿ ಕಾರು ಇಟ್ಟವರು ನೋಡಬೇಕಾದದ್ದು ಈ ಎರಡನೇ ಪಟ್ಟಿ. ಸೇಡಂ ರಸ್ತೆಯಲ್ಲಿ ಸಿಮೆಂಟ್ ಲಾರಿಗಳ ಹಿಂದೆ ಒಂದು ಸಲ ಹೋಗಿ ಬಂದರೆ ಬಾನೆಟ್ ಮೇಲೆ ಬೆರಳಲ್ಲಿ ಹೆಸರು ಬರೆಯಬಹುದು. ಶಹಾಬಾದ್, ಚಿತ್ತಾಪುರ ಕಡೆ ಹೋದರೆ ಕಲ್ಲಿನ ಗಣಿ, ಪಾಲಿಶ್ ಮಶೀನುಗಳ ಪುಡಿ. ತೊಗರಿ ರಾಶಿ ನಡೆಯುವಾಗ ಹೊಟ್ಟು. ಮೇ ತಿಂಗಳಲ್ಲಿ 43 ಡಿಗ್ರಿ ಮಾಮೂಲು. ಊರೊಳಗಿನ ಓಡಾಟವೂ ಇಂಜಿನ್‌ಗೆ ಒಳ್ಳೆಯದಲ್ಲ. ಮನೆಯಿಂದ ಸೂಪರ್ ಮಾರ್ಕೆಟ್, ಅಲ್ಲಿಂದ ಮಕ್ಕಳ ಶಾಲೆ, ವಾಪಸ್ ಮನೆ. ಇಂಜಿನ್ ಪೂರ್ತಿ ಕಾಯುವ ಮೊದಲೇ ಬಂದ್ ಆಗುತ್ತದೆ. ಆಯಿಲ್ ಒಳಗೆ ಸೇರಿದ ತೇವ ಮತ್ತು ಇಂಧನದ ಅಂಶ ಆವಿಯಾಗಿ ಹೋಗಲು ಹೊತ್ತೇ ಸಿಗುವುದಿಲ್ಲ. ವಾರಕ್ಕೊಮ್ಮೆ ಹೈದರಾಬಾದಿಗೆ ಹೆದ್ದಾರಿಯಲ್ಲಿ ಹೋಗಿ ಬರುವ ಕಾರಿಗೆ ಇಷ್ಟು ಅವಸರ ಬೇಡ. ಅದಕ್ಕೆ ಮೊದಲನೇ ಪಟ್ಟಿಯೇ ಸಾಕು.

ವಾರಂಟಿ ಇನ್ನೂ ಮುಗಿಯದ ಕಾರಾದರೆ ಕಂಪನಿ ಸರ್ವಿಸ್‌ನಲ್ಲೇ ಮಾಡಿಸಿ, ಬಿಲ್ ಎತ್ತಿಡಿ. ಈ ಬರಹ ವಾರಂಟಿ ದಾಟಿದ ಗಾಡಿಗಳವರಿಗೆ.

ಫಿಲ್ಟರ್ ಒಳಗೆ ಏನಿದೆ

ಆಯಿಲ್ ಬದಲಿಸಿ ಫಿಲ್ಟರ್ ಹಳೆಯದನ್ನೇ ಬಿಡುವವರು ಈಗಲೂ ಇದ್ದಾರೆ. "ಒಂದು ಬಿಟ್ಟು ಒಂದು ಸಲ ಹಾಕಿದರೆ ನಡೀತದ" ಅನ್ನುವ ಮಾತು ಗ್ಯಾರೇಜುಗಳಲ್ಲಿ ಕೇಳಿಬರುತ್ತದೆ. ಉಳಿಯುವ ದುಡ್ಡು ಎಷ್ಟು? ಸಣ್ಣ ಕಾರಿನ ಫಿಲ್ಟರ್ ಬೆಲೆ ಆಯಿಲ್ ಡಬ್ಬಿಯ ಬೆಲೆಯ ಮುಂದೆ ಏನೂ ಅಲ್ಲ. ಹಳೇ ಫಿಲ್ಟರಿನಲ್ಲಿ ಕಪ್ಪು ಎಣ್ಣೆಯೂ ಉಳಿದಿರುತ್ತದೆ. ಅದು ಹೊಸ ಆಯಿಲ್‌ಗೆ ಮೊದಲ ನಿಮಿಷದಲ್ಲೇ ಸೇರುತ್ತದೆ.

ಹೊರಗೆ ತಗಡಿನ ಡಬ್ಬಿ. ಒಳಗೆ ಸೀರೆ ನೆರಿಗೆಯ ಹಾಗೆ ಮಡಚಿದ ವಿಶೇಷ ಕಾಗದ. ಪಂಪ್ ತಳ್ಳಿದ ಆಯಿಲ್ ಅಂಚಿನ ಸಣ್ಣ ತೂತುಗಳಿಂದ ಒಳಗೆ ಬಂದು, ಕಾಗದ ದಾಟಿ, ನಡುವಿನ ದೊಡ್ಡ ತೂತಿನಿಂದ ಇಂಜಿನ್‌ಗೆ ಹೋಗುತ್ತದೆ. ಅಂಚಿನ ತೂತುಗಳ ಹಿಂದೆ ಒಂದು ರಬ್ಬರ್ ತಟ್ಟೆ ಇರುತ್ತದೆ. ಗಾಡಿ ನಿಂತಾಗ ಆಯಿಲ್ ಹಿಂದಕ್ಕೆ ಇಳಿದುಹೋಗದಂತೆ ಅದು ತಡೆಯುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದೆರಡು ಸೆಕೆಂಡ್ ಟಕಟಕ ಸದ್ದು ಬರುತ್ತಿದ್ದರೆ ಈ ರಬ್ಬರ್ ಗಟ್ಟಿಯಾಗಿ ಕೆಲಸ ಬಿಟ್ಟಿರಬಹುದು. ಇನ್ನೊಂದು ಭಾಗ ಬೈಪಾಸ್ ವಾಲ್ವ್. ಎಷ್ಟೋ ಫಿಲ್ಟರುಗಳಲ್ಲಿ ಅದು ಡಬ್ಬಿಯೊಳಗೇ ಇರುತ್ತದೆ, ಕೆಲವು ಇಂಜಿನ್‌ಗಳಲ್ಲಿ ಹೊರಗೆ. ಕಾಗದ ಕಟ್ಟಿಕೊಂಡಾಗ ಅದು ತೆರೆಯುತ್ತದೆ. ಆಗ ಆಯಿಲ್ ಸೋಸದೆ ನೇರ ಇಂಜಿನ್‌ಗೆ ಹೋಗುತ್ತದೆ. ಇಂಜಿನ್ ಒಣಗುವುದಕ್ಕಿಂತ ಕೊಳಕು ಎಣ್ಣೆಯಾದರೂ ಸಿಗಲಿ ಅಂತ ಮಾಡಿದ ಏರ್ಪಾಡು. ಇಲ್ಲಿ ತೊಂದರೆ ಏನಂದರೆ, ಫಿಲ್ಟರ್ ಪೂರ್ತಿ ಕಟ್ಟಿಕೊಂಡಿದ್ದರೂ ಮೀಟರಿನಲ್ಲಿ ಯಾವ ದೀಪವೂ ಹತ್ತುವುದಿಲ್ಲ. ಗಾಡಿ ಸುಮ್ನೆ ಓಡುತ್ತಲೇ ಇರುತ್ತದೆ, ಬೇರಿಂಗ್ ಸವೆಯುತ್ತಲೇ ಇರುತ್ತದೆ.

ನಮ್ಮ ಕಡೆಯ ಧೂಳು ಇಂಜಿನ್ ಒಳಗೆ ಹೋಗುವುದು ಮುಖ್ಯವಾಗಿ ಗಾಳಿಯ ದಾರಿಯಿಂದ. ಹಾಗಾಗಿ ಆಯಿಲ್ ಫಿಲ್ಟರ್ ಬದಲಿಸುವ ದಿನ ಏರ್ ಫಿಲ್ಟರ್ ಡಬ್ಬಿಯನ್ನೂ ತೆರೆದು ನೋಡಿ. ಅದರ ಕ್ಲಿಪ್ ಸಡಿಲಿದ್ದರೆ, ಪೈಪ್ ಸೀಳಿದ್ದರೆ ಎಂಥ ಒಳ್ಳೇ ಆಯಿಲ್ ಹಾಕಿದರೂ ವ್ಯರ್ಥ.

ಅಂಗಡಿಯಲ್ಲಿ

ಬರೀ ಕಾರಿನ ಹೆಸರು ಹೇಳಿ ಫಿಲ್ಟರ್ ತರಬೇಡಿ. ಅದೇ ಹೆಸರಿನ ಕಾರಿಗೆ ಪೆಟ್ರೋಲ್ ಬೇರೆ, ಡೀಸೆಲ್ ಬೇರೆ, ವರ್ಷ ಬದಲಾದರೆ ಇಂಜಿನ್ನೇ ಬೇರೆ. ಆರ್‌ಸಿ ಫೋಟೊ ತೋರಿಸಿ, ತಯಾರಾದ ವರ್ಷ ಹೇಳಿ. ಹಳೇ ಫಿಲ್ಟರಿನ ಮೇಲಿನ ನಂಬರ್ ಫೋಟೊ ಇದ್ದರೆ ಇನ್ನೂ ಒಳ್ಳೆಯದು. ಥ್ರೆಡ್ ಕೂತಿತು ಅಂದಮಾತ್ರಕ್ಕೆ ಅದು ಸರಿಯಾದ ಫಿಲ್ಟರ್ ಆಗುವುದಿಲ್ಲ. ರಬ್ಬರ್ ರಿಂಗಿನ ಅಳತೆ, ಒಳಗಿನ ವಾಲ್ವ್ ಎಷ್ಟು ಒತ್ತಡಕ್ಕೆ ತೆರೆಯುತ್ತದೆ ಅನ್ನುವುದು ಬೇರೆ ಇರಬಹುದು.

ಕಂಪನಿ ಫಿಲ್ಟರ್ ಇಲ್ಲದಿದ್ದರೆ ಬಾಷ್, ಪ್ಯುರೊಲೇಟರ್, ಮಾಹ್ಲೆ ಥರದ ಹೆಸರುವಾಸಿ ಕಂಪನಿಯದು ನಡೆಯುತ್ತದೆ. ನಕಲಿ ಮಾಲಿನ ಭಯ ಇದ್ದೇ ಇದೆ. ಡಬ್ಬಿಯ ಅಕ್ಷರ ಮಸುಕಾಗಿದ್ದರೆ, ಬೆಲೆಯ ಚೀಟಿ ಇಲ್ಲದಿದ್ದರೆ, ಒಳಗಿನ ಕಾಗದ ಸೊಟ್ಟಗೆ ಕಂಡರೆ ಬಿಟ್ಟು ಬನ್ನಿ. ಅಂಗಡಿಯವರಿಗೆ "ಅಣ್ಣಾ, ಬಿಲ್ ಹಾಕಿ ಕೊಡ್ರಿ" ಅಂದು ನೋಡಿ. ಬಿಲ್ ಕೊಡಲು ಹಿಂದೆಮುಂದೆ ನೋಡುವ ಕಡೆ ಮಾಲಿನ ಮೇಲೂ ಭರವಸೆ ಇಡಬೇಡಿ. ಹಳೇ ಆಯಿಲ್ ಇಳಿಸಲು ಬಿಚ್ಚುವ ಡ್ರೈನ್ ಬೋಲ್ಟಿನ ವಾಷರ್ ಒಂದನ್ನು ಕೇಳಿ ತೆಗೆದುಕೊಳ್ಳಿ. ಬೆಲೆ ಪುಡಿಗಾಸು, ಆದರೆ ಮನೆಗೆ ಬಂದ ಮೇಲೆ ನೆನಪಾದರೆ ಪರದಾಟ.

ಆಯಿಲ್ ಯಾವುದು ಅನ್ನುವುದಕ್ಕೆ ಮ್ಯಾನ್ಯುವಲ್ ಒಂದನ್ನೇ ಕೇಳಿ. ಇಲ್ಲಿ ಜಗಳ ಶುರುವಾಗುತ್ತದೆ. "ನಮ್ಮ ಬಿಸಿಲಿಗೆ ದಪ್ಪ ಎಣ್ಣೆ ಬೇಕು, 20ಡಬ್ಲ್ಯೂ-50 ಹಾಕಿ" ಅನ್ನುವವರು ಪ್ರತಿ ಓಣಿಯಲ್ಲೂ ಸಿಗುತ್ತಾರೆ. ಹಳೇ ಕಾಲದ ಇಂಜಿನ್‌ಗೆ ಆ ಮಾತು ಸರಿ. ಈಗಿನ ಎಷ್ಟೋ ಪೆಟ್ರೋಲ್ ಇಂಜಿನ್‌ಗಳು 0ಡಬ್ಲ್ಯೂ-20, 5ಡಬ್ಲ್ಯೂ-30 ಥರದ ತೆಳು ಆಯಿಲ್‌ಗೆ ಅಂತಲೇ ತಯಾರಾದವು. ಹೊರಗೆ 43 ಡಿಗ್ರಿ ಇದ್ದರೂ 25 ಇದ್ದರೂ, ಕಾದ ಇಂಜಿನ್ ಒಳಗಿನ ಆಯಿಲ್ ಸುಮಾರು 90–100 ಡಿಗ್ರಿಯಲ್ಲೇ ಇರುತ್ತದೆ. ಮ್ಯಾನ್ಯುವಲ್‌ನಲ್ಲಿ ಹೊರಗಿನ ಬಿಸಿಗೆ ತಕ್ಕಂತೆ ಒಂದೆರಡು ಗ್ರೇಡ್ ಕೊಟ್ಟಿದ್ದರೆ ಅದರಲ್ಲಿ ನಮ್ಮ ಬೇಸಿಗೆಗೆ ಹೊಂದುವುದನ್ನು ಆರಿಸಿ, ಅದರಾಚೆ ಹೋಗಬೇಡಿ. 2020ರ ಏಪ್ರಿಲ್ ನಂತರದ ಬಿಎಸ್6 ಡೀಸೆಲ್ ಆಗಿದ್ದು, ಸೈಲೆನ್ಸರ್ ಲೈನಿನಲ್ಲಿ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇದ್ದರೆ ಇನ್ನೂ ಹುಷಾರು. ಅದಕ್ಕೆ ಕಡಿಮೆ ಬೂದಿಯ ಆಯಿಲ್ಲೇ ಬೇಕು. ಸಾದಾ ಡೀಸೆಲ್ ಆಯಿಲ್ ಹಾಕುತ್ತಾ ಹೋದರೆ ಆ ದುಬಾರಿ ಡಿಪಿಎಫ್ ಕಟ್ಟಿಕೊಳ್ಳುತ್ತದೆ.

ಎಷ್ಟು ಲೀಟರ್? ಸಣ್ಣ ಪೆಟ್ರೋಲ್ ಕಾರುಗಳಿಗೆ ಸಾಮಾನ್ಯವಾಗಿ 3ರಿಂದ 3.5 ಲೀಟರ್ ಹಿಡಿಯುತ್ತದೆ, ದೊಡ್ಡ ಡೀಸೆಲ್ ಗಾಡಿಗಳಿಗೆ 5 ಲೀಟರ್ ದಾಟುತ್ತದೆ. ಮ್ಯಾನ್ಯುವಲ್‌ನಲ್ಲಿ "ಫಿಲ್ಟರ್ ಸಹಿತ" ಅಂತ ಇರುವ ಅಂಕಿ ನೋಡಿ.

ಗಾಡಿ ಎತ್ತುವುದು

ಇಡೀ ಕೆಲಸದಲ್ಲಿ ಜೀವಕ್ಕೆ ಅಪಾಯ ಇರುವುದು ಇಲ್ಲಿ ಮಾತ್ರ. ಡಿಕ್ಕಿಯಲ್ಲಿ ಬರುವ ಜಾಕ್ ಟೈರ್ ಬದಲಿಸಲಿಕ್ಕೆ. ಅದರ ಮೇಲೆ ಗಾಡಿ ನಿಲ್ಲಿಸಿ ಕೆಳಗೆ ನುಸುಳಬೇಡಿ, ಅರ್ಧ ನಿಮಿಷಕ್ಕೂ ಬೇಡ. ಎತ್ತಿದ ಗಾಡಿಯ ಭಾರ ಹೊರುವ ಜಾಕ್ ಸ್ಟ್ಯಾಂಡ್ ಎರಡು ಬೇಕೇ ಬೇಕು.

ಇಟ್ಟಿಗೆ ಜೋಡಿಸುವುದು, ಸಿಮೆಂಟ್ ಬ್ಲಾಕ್ ಇಡುವುದು ಬೇಡ. ನಮ್ಮಲ್ಲಿ ಪ್ರತಿ ಮನೆಯ ಹಿತ್ತಲಲ್ಲೂ ಒಂದೆರಡು ಶಹಾಬಾದಿ ಫರ್ಸಿ ಬಿದ್ದಿರುತ್ತವೆ, ಅವನ್ನು ಒಂದರ ಮೇಲೊಂದು ಪೇರಿಸುವ ಆಸೆ ಆಗುವುದು ಸಹಜ. ಅದು ಪದರ ಪದರದ ಸುಣ್ಣದ ಕಲ್ಲು. ನೆಲಕ್ಕೆ ಹಾಸಿದಾಗ ಎಷ್ಟೇ ಗಟ್ಟಿ ಇದ್ದರೂ, ಒಂದೇ ಜಾಗದಲ್ಲಿ ಭಾರ ಬಿದ್ದರೆ ಚಟ್ಟನೆ ಸೀಳುತ್ತದೆ. ಎರೆ ಮಣ್ಣಿನ ಅಂಗಳವೂ ನಂಬುವಂಥದ್ದಲ್ಲ. ಬೇಸಿಗೆಯಲ್ಲಿ ಬಿರುಕು ಬಿಟ್ಟಿರುತ್ತದೆ, ಮಳೆ ಬಿದ್ದರೆ ಜಾಕ್ ಇಳಿಯುತ್ತದೆ. ಸಿಮೆಂಟ್ ನೆಲ ಹುಡುಕಿ. ಸಿಗದಿದ್ದರೆ ಈ ಕೆಲಸ ಅಂಗಳದಲ್ಲಿ ಬೇಡ. ಗುರುತಿನ ವಾಷಿಂಗ್ ಸೆಂಟರ್‌ನವರಿಗೆ ಒಂದಿಷ್ಟು ಕೊಟ್ಟು ಬೆಳಿಗ್ಗೆ ರ‍್ಯಾಂಪ್ ಖಾಲಿ ಇರುವಾಗ ಕೇಳಿಕೊಳ್ಳುವುದು ಎಲ್ಲಕ್ಕಿಂತ ಸಲೀಸು. ನೆಲದಿಂದ ಎತ್ತರ ಇರುವ ಕೆಲವು ಗಾಡಿಗಳಿಗೆ ಎತ್ತುವ ಗೋಜೇ ಇರುವುದಿಲ್ಲ.

ಎತ್ತುವವರು ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆಯಿರಿ. ಹಿಂದಿನ ಎರಡೂ ಚಕ್ರಗಳಿಗೆ ಹಿಂದುಗಡೆಯಿಂದ ಕಲ್ಲು ಅಥವಾ ಕಟ್ಟಿಗೆ ತುಂಡು ಕೊಡಿ. ಮುಂದಿನ ಚಕ್ರಗಳಿಂದ ಓಡುವ ಕಾರುಗಳಲ್ಲಿ ಗೇರ್ ಹಾಕಿದ್ದೇವೆ ಅನ್ನುವ ಧೈರ್ಯ ಸುಳ್ಳು, ಯಾಕೆಂದರೆ ಮುಂದಿನ ಚಕ್ರ ಗಾಳಿಯಲ್ಲಿರುತ್ತದೆ. ಮ್ಯಾನ್ಯುವಲ್ ತೋರಿಸಿದ ಜಾಗದಲ್ಲೇ ಜಾಕ್ ಕೊಟ್ಟು, ಸ್ಟ್ಯಾಂಡ್ ಮೇಲೆ ಕೂರಿಸಿ, ಗಾಡಿಯನ್ನು ಪಕ್ಕದಿಂದ ಜೋರಾಗಿ ಅಲುಗಿಸಿ ನೋಡಿ. ಅಲುಗಿದರೆ ಇಳಿಸಿ ಮತ್ತೆ ಕೂರಿಸಿ. ಈ ಪರೀಕ್ಷೆ ಮಾಡುವಾಗ ಹೊರಗೆ ನಿಂತಿರಿ.

ಸಮಯ ಬೆಳಗಿನ ಏಳರೊಳಗೆ ಒಳ್ಳೆಯದು. ಇಂಜಿನ್ ಬೆಚ್ಚಗಿದ್ದರೆ ಆಯಿಲ್ ಸಲೀಸಾಗಿ ಇಳಿಯುತ್ತದೆ, ಸುಡುತ್ತಿದ್ದರೆ ಕೈ ಬೆಂದುಹೋಗುತ್ತದೆ. ಚಳಿಗಾಲದಲ್ಲಿ ಐದು ನಿಮಿಷ ಸ್ಟಾರ್ಟ್ ಮಾಡಿ ಬಿಡಿ. ಏಪ್ರಿಲ್‌–ಮೇನಲ್ಲಿ ಒಂದೆರಡು ನಿಮಿಷ ಸಾಕು, ರಾತ್ರಿಯೆಲ್ಲ ನಿಂತ ಇಂಜಿನ್ನೂ ಆಗ ಪೂರ್ತಿ ತಣ್ಣಗಾಗಿರುವುದಿಲ್ಲ. ಗಾಡಿ ಎತ್ತುವ ಮೊದಲೇ ಇದನ್ನು ಮುಗಿಸಿ.

ಹಳೇ ಆಯಿಲ್ ಇಳಿಸುವುದು

ಮೇಲಿನ ಆಯಿಲ್ ಮುಚ್ಚಳ ಮೊದಲು ಸಡಿಲ ಮಾಡಿ. ಗಾಳಿ ಆಡಿದರೆ ಎಣ್ಣೆ ಬೇಗ ಇಳಿಯುತ್ತದೆ. ಕೆಳಗೆ ಪ್ಲಾಸ್ಟಿಕ್ ತಡೆ ಇದ್ದರೆ ಅದರ ಕ್ಲಿಪ್, ಬೋಲ್ಟ್ ಬಿಚ್ಚಿ ಒಂದು ತಟ್ಟೆಯಲ್ಲಿ ಹಾಕಿಡಿ.

ಡ್ರೈನ್ ಬೋಲ್ಟ್ ಹುಡುಕುವಾಗ ಅವಸರ ಬೇಡ. ಇಂಜಿನ್ನಿನ ತಳದಲ್ಲಿ ಅಗಲವಾದ ಎಣ್ಣೆ ತೊಟ್ಟಿ ಇರುತ್ತದೆ, ಬೋಲ್ಟ್ ಅದರಲ್ಲಿರುತ್ತದೆ. ಪಕ್ಕದಲ್ಲೇ ಗೇರ್ ಬಾಕ್ಸ್ ಇದೆ, ಅದಕ್ಕೂ ಒಂದು ಬೋಲ್ಟ್ ಇದೆ. ಗೇರ್ ಆಯಿಲ್ ಇಳಿಸಿ, ಇಂಜಿನ್‌ಗೆ ಹಳೆಯದರ ಮೇಲೆ ಹೊಸದು ಸುರಿದ ಪ್ರಸಂಗಗಳು ಎಷ್ಟೋ ಇವೆ. ಒಂದು ಸಲ ಸರಿಯಾಗಿ ಗುರುತಿಸಿದ ಮೇಲೆ ಫೋನಲ್ಲಿ ಫೋಟೊ ಹೊಡೆದಿಡಿ.

ಬೋಲ್ಟಿನ ಅಳತೆ ಹೆಚ್ಚಾಗಿ 14, 17 ಅಥವಾ 19 ಮಿ.ಮೀ. ಸರಿಯಾಗಿ ಕೂರುವ ರಿಂಗ್ ಪಾನಾ ಅಥವಾ ಸಾಕೆಟ್ ಹಾಕಿ. ಅಡ್ಜಸ್ಟ್ ಮಾಡುವ ಪಾನಾ ತೆಗೆದುಕೊಂಡರೆ ಬೋಲ್ಟಿನ ಮೂಲೆ ಸವೆದು ದುಂಡಗಾಗುತ್ತದೆ. ಬೋಲ್ಟಿನ ತಲೆಗೆ ಎದುರಾಗಿ ನೋಡುವಾಗ ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗಿಸಿ. ಪಾನಾದಿಂದ ಸಡಿಲಿಸಿ, ಉಳಿದದ್ದನ್ನು ಕೈಯಿಂದ ಬಿಚ್ಚಿ. ಕೊನೆಯ ಸುತ್ತಿನಲ್ಲಿ ಬೋಲ್ಟನ್ನು ಒಳಕ್ಕೆ ಒತ್ತಿ ಹಿಡಿದೇ ತಿರುಗಿಸಿ, ಆಮೇಲೆ ಸರ್ರನೆ ಪಕ್ಕಕ್ಕೆ ಎಳೆಯಿರಿ. ಮೊದಲ ಧಾರೆ ನೇರ ಕೆಳಗೆ ಬೀಳುವುದಿಲ್ಲ, ಒಂದು ಗೇಣು ಆಚೆಗೆ ಚಿಮ್ಮುತ್ತದೆ. ಎಣ್ಣೆ ಹಿಡಿಯುವ ಪ್ಲಾಸ್ಟಿಕ್ ಬುಟ್ಟಿಯನ್ನು ಆ ಕಡೆಗೆ ಸರಿಸಿಡಿ, ಧಾರೆ ಸಣ್ಣದಾದಂತೆ ಹಿಂದಕ್ಕೆ ತನ್ನಿ. ರಬ್ಬರ್ ಗ್ಲೌಸ್ ಇರಲಿ. ಬಳಸಿದ ಇಂಜಿನ್ ಆಯಿಲ್ ಚರ್ಮಕ್ಕೆ ಕೆಟ್ಟದ್ದು, ದಿನವೂ ಹಚ್ಚಿಕೊಂಡರೆ ಕ್ಯಾನ್ಸರ್‌ವರೆಗೂ ಹೋಗಬಲ್ಲದು.

ಇಳಿಯುವಾಗ ಬಣ್ಣ ನೋಡಿ. ಡೀಸೆಲ್ ಆಯಿಲ್ ಹಾಕಿದ ಕೆಲವೇ ದಿನಕ್ಕೆ ಕಪ್ಪಾಗುತ್ತದೆ, ಅದಕ್ಕೆ ಗಾಬರಿ ಬೇಡ. ಹಾಲು ಹಾಕಿದ ಚಹಾದ ಬಣ್ಣ ಬಂದರೆ ಮಾತ್ರ ಕೂಲಂಟ್ (ಇಂಜಿನ್ ತಂಪು ಮಾಡುವ ದ್ರವ) ಸೇರಿದೆಯೇನೋ ಅಂತ ಮೆಕ್ಯಾನಿಕ್‌ಗೆ ತೋರಿಸಬೇಕು. ಬೋಲ್ಟಿನ ತುದಿಯಲ್ಲಿ ಮಿನುಗುವ ಚೂರುಗಳು ಅಂಟಿದ್ದರೂ ಅಷ್ಟೇ.

ಹನಿ ಹನಿಯಾಗುವವರೆಗೆ ಹದಿನೈದು ನಿಮಿಷ ಬಿಡಿ. ಬೋಲ್ಟ್ ಒರೆಸಿ, ಹೊಸ ವಾಷರ್ ಹಾಕಿ, ಕೈಯಿಂದಲೇ ಪೂರ್ತಿ ಕೂರಿಸಿ. ಶುರುವಿನಲ್ಲೇ ಬಿಗಿ ಅನ್ನಿಸಿದರೆ ಥ್ರೆಡ್ ಅಡ್ಡ ಹತ್ತಿದೆ ಅಂತ ಅರ್ಥ, ಹಿಂದಕ್ಕೆ ಬಿಚ್ಚಿ. ಕೊನೆಗೆ ಪಾನಾದಿಂದ ಬಿಗಿ ಮಾಡಿ. ಎಷ್ಟೋ ಸಣ್ಣ ಕಾರುಗಳಲ್ಲಿ ಈ ಬೋಲ್ಟಿಗೆ ಹೇಳಿದ ಬಿಗಿ 30ರಿಂದ 40 ನ್ಯೂಟನ್ ಮೀಟರ್ ಅಷ್ಟೇ. ಉದ್ದ ಪಾನಾ ಹಿಡಿದು ಮೈಭಾರ ಹಾಕಿದರೆ ಅಲ್ಯೂಮಿನಿಯಂ ತೊಟ್ಟಿಯ ಥ್ರೆಡ್ಡೇ ಕಿತ್ತು ಬರುತ್ತದೆ.

ಫಿಲ್ಟರ್ ಬಿಚ್ಚುವುದು, ಕೂರಿಸುವುದು

ಫಿಲ್ಟರ್ ಕೆಳಗೂ ಬುಟ್ಟಿ ಇರಲಿ, ಅದರಿಂದಲೂ ಒಂದು ಲೋಟದಷ್ಟು ಎಣ್ಣೆ ಬೀಳುತ್ತದೆ. ಕೆಲವು ಕಾರುಗಳಲ್ಲಿ ಪಕ್ಕದಲ್ಲೇ ಸೈಲೆನ್ಸರ್ ಪೈಪ್ ಇರುತ್ತದೆ, ಮುಂಗೈ ಜೋಪಾನ.

ಮೊದಲು ಕೈಯಿಂದ ನೋಡಿ. ಬರದಿದ್ದರೆ ಟೋಪಿ ಥರದ ಫಿಲ್ಟರ್ ಪಾನಾ ಅಥವಾ ಬೆಲ್ಟ್ ಪಾನಾ ಹಾಕಿ. ಅದೂ ಜಾರುತ್ತಿದ್ದರೆ ಡಬ್ಬಿಯ ಎಣ್ಣೆ ಒರೆಸಿ, ಸುತ್ತ ಉಜ್ಜುಕಾಗದ ಸುತ್ತಿ ಮತ್ತೆ ಹಿಡಿಯಿರಿ. ಸ್ಕ್ರೂಡ್ರೈವರ್ ಚುಚ್ಚಿ ತಿರುಗಿಸುವುದು ಹಳೇ ಉಪಾಯ. ತಗಡು ಹರಿದು ಬುಡ ಮಾತ್ರ ಉಳಿದರೆ ಆಮೇಲೆ ದೇವರೇ ಗತಿ. ಅದನ್ನು ಕೊನೆಗೆ ಇಟ್ಟುಕೊಳ್ಳಿ.

ಹಳೇ ಫಿಲ್ಟರ್ ಕೈಗೆ ಬಂದ ಕೂಡಲೇ ಅದರ ಬಾಯಿ ನೋಡಿ. ಕಪ್ಪು ರಬ್ಬರ್ ರಿಂಗ್ ಅದರಲ್ಲೇ ಇದೆಯಾ? ಇಲ್ಲ ಅಂದರೆ ಅದು ಇಂಜಿನ್ ಮೇಲೆ ಅಂಟಿಕೊಂಡಿದೆ. ಟಾರ್ಚ್ ಬಿಟ್ಟು ನೋಡಿ, ಬೆರಳಾಡಿಸಿ, ಕಿತ್ತು ತೆಗೆಯಿರಿ. ಹಳೇ ರಿಂಗಿನ ಮೇಲೆ ಹೊಸ ರಿಂಗ್ ಕೂತರೆ ನಿಂತಾಗ ಏನೂ ಗೊತ್ತಾಗದೆ ಹೋಗಬಹುದು. ರಸ್ತೆಯಲ್ಲಿ ಒತ್ತಡ ಏರಿದಾಗ ರಿಂಗ್ ಹೊರಕ್ಕೆ ತಳ್ಳಿಕೊಂಡು, ಇದ್ದ ಆಯಿಲ್ ಎಲ್ಲ ಕೆಲವೇ ನಿಮಿಷದಲ್ಲಿ ಖಾಲಿ. ಜೇವರ್ಗಿ ದಾಟುವಷ್ಟರಲ್ಲಿ ಇಂಜಿನ್ ಜಾಮ್ ಆಗಲು ಇಷ್ಟು ಸಾಕು.

ಇಂಜಿನ್ ಮೇಲಿನ ಜಾಗವನ್ನು ನೂಲು ಬಿಡದ ಬಟ್ಟೆಯಿಂದ ಒರೆಸಿ. ಗಾಳಿ ಬೀಸುತ್ತಿದ್ದರೆ ಹೊಸ ಫಿಲ್ಟರನ್ನು ಕವರಿನಿಂದ ಕೊನೇ ಗಳಿಗೆಯಲ್ಲಿ ತೆಗೆಯಿರಿ. ರಿಂಗಿಗೆ ಹೊಸ ಆಯಿಲ್ ಬೆರಳಿನಿಂದ ಸವರಿ. ಒಣ ರಬ್ಬರ್ ತಿರುಗಿಸುವಾಗ ಮಡಚಿಕೊಳ್ಳುತ್ತದೆ, ಮುಂದಿನ ಸಲ ಬಿಚ್ಚಲೂ ಬರುವುದಿಲ್ಲ. ಫಿಲ್ಟರ್ ಬಾಯಿ ಮೇಲೆ ಮಾಡಿ ಕೂರುವ ಗಾಡಿಯಾದರೆ ಒಳಗೆ ಸ್ವಲ್ಪ ಆಯಿಲ್ ತುಂಬಿಸಿದರೆ ಒಳ್ಳೆಯದು. ಅಡ್ಡ ಕೂರುವುದಾದರೆ ತುಂಬಿಸಬೇಡಿ, ಎಲ್ಲಾ ತೋಳಿಗೆ ಸುರಿಯುತ್ತದೆ.

ಕೈಯಿಂದ ತಿರುಗಿಸುತ್ತಾ ಹೋಗಿ. ರಿಂಗ್ ಇಂಜಿನ್‌ಗೆ ತಾಗಿದ್ದು ಕೈಗೆ ಗೊತ್ತಾಗುತ್ತದೆ. ಅಲ್ಲಿಂದ ಮುಕ್ಕಾಲು ಸುತ್ತು. ಡಬ್ಬಿ ಮೇಲೆ ಬೇರೆ ಅಳತೆ ಬರೆದಿದ್ದರೆ ಅದನ್ನು ಪಾಲಿಸಿ. ಡಬ್ಬಿಗೆ ಪೆನ್ನಿನಿಂದ ಒಂದು ಗೆರೆ ಎಳೆದುಕೊಂಡರೆ ಎಷ್ಟು ತಿರುಗಿತು ಅಂತ ಲೆಕ್ಕ ಸಿಗುತ್ತದೆ. ಪಾನಾ ಮುಟ್ಟಬೇಡಿ. ರಿಂಗ್ ರೋಡಿನ ಹಳೇ ಮಿಸ್ತ್ರಿಗಳು ಹುಡುಗರಿಗೆ ಹೇಳುವುದೂ ಇದನ್ನೇ: "ಬಿಚ್ಲಾಕ ಪಾನಾ, ಬಿಗಿ ಮಾಡ್ಲಾಕ ಕೈ. ಜೋರ್ ಮಾಡಬ್ಯಾಡೋ!"

ಎಲ್ಲಾ ಕಾರಿಗೂ ಡಬ್ಬಿ ಫಿಲ್ಟರ್ ಇರುವುದಿಲ್ಲ. ನಮ್ಮ ಕಡೆ ಇನ್ನೂ ಬೇಕಾದಷ್ಟು ಓಡುವ 1.3 ಲೀಟರ್ ಡೀಸೆಲ್ ಸ್ವಿಫ್ಟ್, ಡಿಸೈರ್‌ಗಳಲ್ಲಿ ಒಂದು ಗೂಡಿನೊಳಗೆ ಬರೀ ಕಾಗದದ ಫಿಲ್ಟರ್ ಕೂತಿರುತ್ತದೆ. ಅದರ ಮುಚ್ಚಳ ಬಿಚ್ಚಿ, ಕಾಗದದ ಜೊತೆಗೆ ಬಂದ ಹೊಸ ಓ-ರಿಂಗನ್ನು (ರಬ್ಬರ್ ಬಳೆ) ಹಳೆಯದು ಕೂತಿದ್ದ ತೋಡಿನಲ್ಲೇ ಕೂರಿಸಿ, ಎಣ್ಣೆ ಸವರಿ ಮುಚ್ಚಬೇಕು. ಇಂಥ ಮುಚ್ಚಳಕ್ಕೆ ಬಿಗಿಯ ಅಳತೆ ಸಾಮಾನ್ಯವಾಗಿ ಅದರ ಮೇಲೇ ಬರೆದಿರುತ್ತದೆ. ಪ್ಲಾಸ್ಟಿಕ್ ಮುಚ್ಚಳ ಜಾಸ್ತಿ ಬಿಗಿ ಮಾಡಿದರೆ ಸೀಳುತ್ತದೆ.

ತುಂಬಿಸಿ ನೋಡುವುದು

ಗಾಡಿ ಕೆಳಗಿಳಿಸಿ. ಹೇಳಿದ ಅಳತೆಗಿಂತ ಅರ್ಧ ಲೀಟರ್ ಕಡಿಮೆ ಸುರಿದು ಮುಚ್ಚಳ ಹಾಕಿ. ಸ್ಟಾರ್ಟ್ ಮಾಡಿ, ಆಕ್ಸಿಲೇಟರ್ ಮುಟ್ಟಬೇಡಿ. ಕೆಂಪು ಎಣ್ಣೆ ದೀಪ ಕೆಲವು ಸೆಕೆಂಡಿನಲ್ಲಿ ಆರಬೇಕು, ಖಾಲಿ ಫಿಲ್ಟರ್ ತುಂಬುವವರೆಗೆ ಅಷ್ಟು ಹೊತ್ತು ಹಿಡಿಯುತ್ತದೆ. ಆರದಿದ್ದರೆ ಕೂಡಲೇ ಬಂದ್ ಮಾಡಿ. ಆರಿದರೆ ಒಂದೆರಡು ನಿಮಿಷ ಓಡಲಿ, ಅಷ್ಟರಲ್ಲಿ ಹೊರಗಿನಿಂದಲೇ ಟಾರ್ಚ್ ಬಿಟ್ಟು ಫಿಲ್ಟರ್ ಸುತ್ತ, ಬೋಲ್ಟ್ ಸುತ್ತ ಹನಿ ಇದೆಯಾ ನೋಡಿ.

ಬಂದ್ ಮಾಡಿ ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಎಳೆಯಿರಿ. ಒರೆಸಿ, ಪೂರ್ತಿ ಒಳಗೆ ಹಾಕಿ, ಮತ್ತೆ ಎಳೆದು ಓದಿ. ಮೇಲಿನ ಗುರುತಿನ ಹತ್ತಿರ ಬರುವವರೆಗೆ ಸ್ವಲ್ಪ ಸ್ವಲ್ಪ ಹಾಕಿ, ಅದನ್ನು ದಾಟಬೇಡಿ. "ಇರಲಿ, ಒಂಚೂರು ಜಾಸ್ತಿ" ಅನ್ನುವುದು ಅಡುಗೆ ಎಣ್ಣೆಗೆ ಸರಿ. ಇಲ್ಲಿ ಜಾಸ್ತಿಯಾದರೆ ಒಳಗೆ ತಿರುಗುವ ಕ್ರ್ಯಾಂಕ್ ಶಾಫ್ಟ್ ಎಣ್ಣೆಗೆ ಬಡಿದು ನೊರೆ ಏಳುತ್ತದೆ, ನೊರೆಗೆ ಬೇರಿಂಗ್ ಕಾಯುವ ಶಕ್ತಿ ಇಲ್ಲ.

ರಾತ್ರಿ ಗಾಡಿ ಕೆಳಗೆ ಒಂದು ರಟ್ಟು ಹಾಸಿ. ಬೆಳಿಗ್ಗೆ ಹೊಸ ಹನಿ ಇಲ್ಲದಿದ್ದರೆ ನಿಶ್ಚಿಂತೆ. ಊರೊಳಗೆ ಒಂದೆರಡು ದಿನ ಓಡಿಸಿ ಮತ್ತೊಮ್ಮೆ ಡಿಪ್‌ಸ್ಟಿಕ್ ನೋಡಿ, ಬೀದರ್ ಅಥವಾ ಗಾಣಗಾಪುರಕ್ಕೆ ಆಮೇಲೆ ಹೊರಡಿ. ಬದಲಿಸಿದ ದಿನ, ಕಿ.ಮೀ., ಆಯಿಲ್ ಗ್ರೇಡ್ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಬಾನೆಟ್ ಒಳಗೆ ಅಂಟಿಸಿ. ಸರ್ವಿಸ್ ರಿಮೈಂಡರ್ ಇದ್ದರೆ ರೀಸೆಟ್ ಮಾಡಿ.

ಉಳಿದ ಹಳೇ ಎಣ್ಣೆ

ಫಿಲ್ಟರನ್ನು ಬುಟ್ಟಿಯಲ್ಲಿ ಬೋರಲು ಹಾಕಿ ಒಂದು ರಾತ್ರಿ ಬಿಡಿ, ಒಳಗಿನದು ಇಳಿಯುತ್ತದೆ. ಆಮೇಲೆ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ. ಎಣ್ಣೆಯನ್ನು ಹೊಸ ಆಯಿಲ್ ಬಂದ ಡಬ್ಬಿಗೇ ತುಂಬಿ, ಮೇಲೆ "ಹಳೇ ಎಣ್ಣೆ" ಅಂತ ಬರೆಯಿರಿ. ನೀರು, ಪೆಟ್ರೋಲ್ ಬೆರೆಸಬೇಡಿ, ಬೆರೆತದ್ದನ್ನು ಮರುಬಳಕೆಗೆ ಯಾರೂ ತೆಗೆದುಕೊಳ್ಳುವುದಿಲ್ಲ.

ಡಬ್ಬಿ ಕಂಡರೆ ಕೇಳುವವರು ಬರುತ್ತಾರೆ. ಕಟ್ಟಡದವರಿಗೆ ಸೆಂಟ್ರಿಂಗ್ ಶೀಟಿಗೆ ಹಚ್ಚಲು ಬೇಕು, ಹೊಲದವರಿಗೆ ಕಂಬಕ್ಕೆ ಗೆದ್ದಲು ಹಿಡಿಯದಂತೆ ಬಳಿಯಲು ಬೇಕು. ಬೇಡ ಅನ್ನುವುದು ಕಷ್ಟ, ಆದರೂ ಬೇಡ ಅನ್ನಿ. ಕಂಬಕ್ಕೆ ಬಳಿದದ್ದು ಮಳೆಗೆ ಹೊಲಕ್ಕೇ ಇಳಿಯುತ್ತದೆ. ಚರಂಡಿಗೆ ಸುರಿದದ್ದು ಹಳ್ಳ ಸೇರಿ ನದಿಗೆ ಹೋಗುತ್ತದೆ, ನಮ್ಮ ನಲ್ಲಿಗೆ ಬರುವುದೂ ಭೀಮಾ, ಬೆಣ್ಣೆತೊರೆಯ ನೀರೇ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಬಳಸಿದ ಎಣ್ಣೆಯ ಹೆಸರೂ ಇದೆ. ಅದು ನೋಂದಾಯಿತ ಮರುಬಳಕೆದಾರರಿಗೇ ಹೋಗಬೇಕು. ದೊಡ್ಡ ಗ್ಯಾರೇಜುಗಳು ತಮ್ಮ ಹಳೇ ಎಣ್ಣೆಯನ್ನು ಡ್ರಮ್ಮಿನಲ್ಲಿ ಕೂಡಿಟ್ಟು ಅಂಥವರಿಗೆ ಕೊಡುತ್ತವೆ. ಗುರುತಿನ ಗ್ಯಾರೇಜಿನವರಿಗೆ ಮೊದಲೇ ಒಂದು ಫೋನ್ ಮಾಡಿ, "ನಮ್ದೊಂದು ಡಬ್ಬಿ ಎಣ್ಣಿ, ಒಂದು ಫಿಲ್ಟರ್ ಅದ, ನಿಮ್ಮ ಡ್ರಮ್ಮಿಗೆ ಹಾಕ್ಲ್ಯಾ?" ಅಂತ ಕೇಳಿಯೇ ಕೆಲಸ ಶುರುಮಾಡಿ.